ಕೀಲಿಯ ಜೊತೆ ಹೋದ ಹೆಸರು

ಬು ದರ್ಮಿಯವರ ಸಿಹಿಯಂಗಡಿ, ಕುದುಸ್, ಜಾವಾ
೧೨ ಏಪ್ರಿಲ್ ೨೦೧೭

ಉನಿ ಯುಸ್ನಿಮಾರ್ ಅವರಿಗೆ,

ಅಸ್ಸಲಾಮು ಅಲೈಕುಂ. ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನಾವು ಹೆಂಗಸರಿಗೆ ಮರ್ಯಾದೆಯಿಂದ ಬು ಅನ್ನುವ ಹಾಗೆ ನಿಮ್ಮ ಕಡೆ ಉನಿ, ಅಕ್ಕ, ಅನ್ನುತ್ತಾರಂತೆ, ಹಾಗೇ ಕರೆದೆ. ದಾರ ಮಾರುವ ಕೊಹ್ ಲಿಯಾಂಗ್ ಇದ್ದಾರಲ್ಲ, ವರ್ಷಕ್ಕೆ ಎರಡು ಸಲ ನಿಮ್ಮ ಸುಮಾತ್ರಾಕ್ಕೂ ಬರುವವರು, ಅವರು ನಿಮ್ಮ ವಿಳಾಸ ಕೊಟ್ಟರು. "ಬುಕಿಟ್ಟಿಂಗಿಯಲ್ಲಿ ಒಬ್ಬಾಕೆ ಕಸೂತಿ ಯಂತ್ರ ಇಟ್ಕೊಂಡು ಸಾಫ್ಟ್‌ವೇರ್ ಇಲ್ದೆ ಒದ್ದಾಡ್ತಿದಾಳೆ. ನಿಮ್ಮನೇಲಿ ಸಾಫ್ಟ್‌ವೇರ್ ಇದೆ, ಯಂತ್ರ ಇಲ್ಲ. ಇಬ್ರೂ ಮಾತಾಡ್ಕೊಳ್ಳಿ. ನಂಗೇನೂ ಬೇಡ, ದಾರ ಮಾತ್ರ ನನ್ ಹತ್ರಾನೇ ತಗೊಳ್ಳಿ" ಅಂದರು.

ನಮ್ಮಲ್ಲಿರುವುದು ಕಸೂತಿಯ ವಿನ್ಯಾಸ ಬರೆಯುವ ಸಾಫ್ಟ್‌ವೇರ್. ಪೂರ್ತಿ ಬೆಲೆ ಕೊಟ್ಟು ಕೊಂಡ ಲೈಸೆನ್ಸ್. ಜೊತೆಗೆ ಹೆಬ್ಬೆರಳಿನಷ್ಟು ಉದ್ದದ ಒಂದು ನೀಲಿ ಕೀಲಿ ಇದೆ. ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ಸಾಫ್ಟ್‌ವೇರ್ ತೆರೆಯುತ್ತದೆ. ಲೈಸೆನ್ಸನ್ನು ಬೇರೆಯವರಿಗೆ ಮಾರಬಹುದು, ಆದರೆ ಒಂದೇ ಸಲ. ಮಾರುವವರು, ಕೊಳ್ಳುವವರು ಇಬ್ಬರೂ ವರ್ಗಾವಣೆಯ ಕಾಗದಕ್ಕೆ ಸಹಿ ಹಾಕಿ ಜಕಾರ್ತದ ಏಜೆಂಟರಿಗೆ ಕಳಿಸಬೇಕು, ಕೀಲಿಯನ್ನೂ ಕಳಿಸಬೇಕು. ಅವರು ಪುಸ್ತಕದಲ್ಲಿ ಹೆಸರು ಬದಲಿಸಿ ಕೀಲಿಯನ್ನು ನಿಮಗೆ ಮುಟ್ಟಿಸುತ್ತಾರೆ. ಈಗ ಅದು ನಮ್ಮ ಯಜಮಾನರ ಹೆಸರಿನಲ್ಲಿದೆ.

ಬೆಲೆ ಹೊಸದರ ಮೂರರಲ್ಲಿ ಒಂದು ಪಾಲು. ಅವರೇ ಬರೆದ ವಿನ್ಯಾಸಗಳ ಡಿಸ್ಕನ್ನೂ ಕೊಡುತ್ತೇನೆ.

ಯಾಕೆ ಮಾರುತ್ತೀರಿ ಎಂದು ನೀವು ಕೇಳಬಹುದು. ಯಂತ್ರ ಮಾರಿ ಎರಡು ವರ್ಷವಾಯಿತು, ಕೀಲಿ ಸುಮ್ಮನೆ ಬಿದ್ದಿದೆ. ಅಷ್ಟೇ.

ದಯವಿಟ್ಟು ಫೋನ್ ಮಾಡಬೇಡಿ, ನನಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ಕಾಗದವನ್ನು ಈ ಅಂಗಡಿಯ ವಿಳಾಸಕ್ಕೇ ಬರೆಯಿರಿ.

ಪಾರ್ತಿನಾ


ಬುಕಿಟ್ಟಿಂಗಿ, ಸುಮಾತ್ರಾ
೨೫ ಏಪ್ರಿಲ್ ೨೦೧೭

ಬು ಪಾರ್ತಿನಾ ಅವರಿಗೆ,

ವ ಅಲೈಕುಂ ಸಲಾಂ. ನಾನು ಕಾಗದ ಬರೆದು ಇಪ್ಪತ್ತು ವರ್ಷವಾಗಿರಬೇಕು. ಕೊನೆಯದು ಮದುವೆಗೆ ಮುಂಚೆ ನನ್ನ ಗಂಡನಿಗೆ ಬರೆದದ್ದು. ಅವನು ಇವತ್ತಿಗೂ ಉತ್ತರ ಕೊಟ್ಟಿಲ್ಲ. ನೀವು ಕೊಡಿ, ಬೇಗ ಕೊಡಿ.

ನನಗೆ ಲೈಸೆನ್ಸ್ ಬೇಕೇ ಬೇಕು. ನಮ್ಮ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು, ಸಾಫ್ಟ್‌ವೇರೂ ಅದರ ಜೊತೆಗೇ ಹೋಯಿತು. ಒಂದೇ ಸಲಕ್ಕೆ ಎಂಟು ಬಟ್ಟೆಗೆ ಹೊಲಿಯುವ ಎಂಟು ತಲೆಯ ಯಂತ್ರ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದೆ. ಈ ವರ್ಷ ಹಜ್‌ಗೆ ಹೋಗುವ ಅರವತ್ತು ಹೆಂಗಸರು ನಮಾಜಿಗೆ ತಲೆಯಿಂದ ಹೊದೆಯುವ ಬಿಳಿ ಮುಕೆನಗಳಿಗೆ ನನ್ನಲ್ಲೇ ಕಸೂತಿ ಹೇಳಿದ್ದಾರೆ. ಅವರ ಬಸ್ಸು ಜುಲೈ ಮೂವತ್ತೊಂದಕ್ಕೆ ಹೊರಡುತ್ತದೆ. ಆ ದಿನ ದಾಟಿದರೆ ಮುಕೆನ ಯಾರಿಗೂ ಬೇಡ. ನನ್ನ ಹತ್ತಿರ ಹನ್ನೊಂದು ಹೆಂಗಸರು ಕೆಲಸ ಮಾಡುತ್ತಾರೆ. ಈ ಕೆಲಸ ತಪ್ಪಿದರೆ ಯಂತ್ರ ಮಾರಿ ಅವರನ್ನು ಮನೆಗೆ ಕಳಿಸುವುದೊಂದೇ ದಾರಿ.

ಅರ್ಧ ಹಣ ಕಳಿಸಿದ್ದೇನೆ, ಉಳಿದದ್ದು ಕೀಲಿ ಬಂದ ಮೇಲೆ.

ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮಿನಾಂಗ್ ಜನರಲ್ಲಿ ಮನೆ, ಗದ್ದೆ ಎಲ್ಲ ಹೆಂಗಸರ ಹೆಸರಿನಲ್ಲಿರುತ್ತದೆ. ಗಂಡಸರು ಬಂದು ಉಂಡು ಹೋಗುವವರು. ನಿಮ್ಮ ಕೀಲಿ ಯಾಕೆ ಗಂಡಸಿನ ಹೆಸರಿನಲ್ಲಿದೆ? ನಮ್ಮ ಹುಡುಗಿಯರು ಇದನ್ನು ಕೇಳಿ ಬಿದ್ದು ಬಿದ್ದು ನಕ್ಕರು.

ಯುಸ್ನಿಮಾರ್


ಕುದುಸ್
೯ ಮೇ ೨೦೧೭

ಉನಿ ಯುಸ್ನಿಮಾರ್ ಅವರಿಗೆ,

ಹಣ ತಲುಪಿತು. ವರ್ಗಾವಣೆಯ ಕಾಗದ ಇದರ ಜೊತೆಗಿದೆ. ಸರ್ಕಾರದ ಅಂಟುಚೀಟಿ ಹಚ್ಚಿ ಅದರ ಮೇಲೆ ನಮ್ಮವರು ಸಹಿ ಹಾಕಿದ್ದಾರೆ. ಅವರ ಹೆಸರು ವಾಲುಯೊ. ನೀವೂ ಸಹಿ ಹಾಕಿ ಜಕಾರ್ತಕ್ಕೆ ಕಳಿಸಿ. ಕೀಲಿಯನ್ನು ನಾನು ಇವತ್ತೇ ಏಜೆಂಟರಿಗೆ ಕಳಿಸಿದೆ. ಡಿಸ್ಕ್ ಹತ್ತಿಯಲ್ಲಿ ಸುತ್ತಿದ್ದೇನೆ. ಬು ದರ್ಮಿ ಅಂಗಡಿಯ ಸಿಹಿಯೂ ಸ್ವಲ್ಪ ಇಟ್ಟಿದ್ದೇನೆ, ನಿಮ್ಮ ಹುಡುಗಿಯರಿಗೆ.

ಯಾರ ಹೆಸರಿನಲ್ಲಿದ್ದರೇನು ಉನಿ, ಇನ್ನು ನಿಮ್ಮದಾಗುತ್ತದೆ. ಬೇಗ ಆಗಲಿ.

ಪಾರ್ತಿನಾ


ಬುಕಿಟ್ಟಿಂಗಿ
೨ ಜೂನ್ ೨೦೧೭

ಬು ಪಾರ್ತಿನಾ ಅವರಿಗೆ,

ಉಪವಾಸದ ತಿಂಗಳಲ್ಲಿ ಸಿಟ್ಟು ಮಾಡಬಾರದು. ಅದಕ್ಕೇ ನಿನ್ನೆ ಬರೆಯಲಿಲ್ಲ. ಇವತ್ತೂ ಸಿಟ್ಟು ಇಳಿದಿಲ್ಲ, ಬರೆಯುತ್ತಿದ್ದೇನೆ.

ಜಕಾರ್ತದ ಏಜೆಂಟ್ ಫೋನ್ ಮಾಡಿದ್ದ. "ವಾಲುಯೊ ಅನ್ನೋರು ನಮ್ಮ ಪುಸ್ತಕದಲ್ಲಿ ಇಲ್ವೇ ಇಲ್ಲ ಮೇಡಂ. ಈ ಕೀಲಿ ಬೇರೆಯವರದ್ದು. ನೀವು ಇದನ್ನ ಯಾರ ಹತ್ರ ತಗೊಂಡ್ರಿ?" ಅಂತ ಕಳ್ಳಿಯನ್ನು ಕೇಳಿದ ಹಾಗೆ ಕೇಳಿದ. ಹನ್ನೊಂದು ಜನ ಕೈ ಕಟ್ಟಿ ನನ್ನ ಮುಖ ನೋಡುತ್ತಿದ್ದರು.

ಈಗ ಒಂದೊಂದೇ ಹೊಳೆಯುತ್ತಿದೆ. ಫೋನ್ ಬೇಡ ಅಂದಿರಿ. ಮನೆಯ ವಿಳಾಸ ಕೊಡಲಿಲ್ಲ. ಸಿಹಿ ಕಳಿಸಿದಿರಿ. ಮೋಸ ಮಾಡುವವರು ಯಾವಾಗಲೂ ಸಿಹಿಯನ್ನೇ ಕಳಿಸುವುದು! ಯಾರ ಕೀಲಿ ಅದು? ಕದ್ದ ಮಾಲನ್ನು ನಾವು ಬೆರಳಲ್ಲೂ ಮುಟ್ಟುವವರಲ್ಲ.

ಹತ್ತು ದಿನದೊಳಗೆ ಉತ್ತರ ಬರದಿದ್ದರೆ ಕೊಹ್ ಲಿಯಾಂಗ್‌ರನ್ನು ಕರೆದುಕೊಂಡು ಪೊಲೀಸರ ಹತ್ತಿರ ಹೋಗುತ್ತೇನೆ.

ಯುಸ್ನಿಮಾರ್


ಕುದುಸ್
೮ ಜೂನ್ ೨೦೧೭

ಉನಿ,

ಅಂಗಡಿಯ ಹಿಂದಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬು ದರ್ಮಿ ಹಬ್ಬದ ವ್ಯಾಪಾರಕ್ಕೆ ಬೆಲ್ಲ ಕಾಯಿಸುತ್ತಾ ಆಗಾಗ ಇಣುಕಿ, "ಬರಿ, ಎಲ್ಲಾ ಬರಿ, ಅರ್ಧ ನುಂಗ್ಬೇಡ" ಅನ್ನುತ್ತಿದ್ದಾರೆ.

ಕೀಲಿ ಕದ್ದದ್ದಲ್ಲ. ಆದರೆ ನಾನು ಸುಳ್ಳು ಹೇಳಿದ್ದು ನಿಜ.

ನಮ್ಮವರ ಅಜ್ಜ ದೊಡ್ಡ ಸಾಹೇಬರೊಬ್ಬರ ಮನೆಯಲ್ಲಿ ಕುದುರೆ ಲಾಯ ನೋಡಿಕೊಳ್ಳುತ್ತಿದ್ದರು. ಮೊಮ್ಮಗ ಹುಟ್ಟಿದಾಗ ಆಸೆಯಿಂದ ಆ ದೊಡ್ಡ ಮನೆಯವರಂಥ ಹೆಸರನ್ನೇ ಇಟ್ಟರು: ಜಯನಿಂಗ್ರತ್. ಜಗತ್ತನ್ನು ಗೆದ್ದವನು ಅಂತ ಅರ್ಥ. ಎರಡು ವರ್ಷದಲ್ಲಿ ಈ ಹೆಸರನ್ನು ನಾನು ಬರೆಯುತ್ತಿರುವುದು ಇದೇ ಮೊದಲು. ಎರಡು ಸಲ ಹೊಡೆದುಹಾಕಿ ಬರೆದೆ, ನೋಡಿ.

ಅವರು ಇಡೀ ಕುದುಸಿಗೆ ಹೆಸರಾದ ಕಸೂತಿಗಾರರಾಗಿದ್ದರು. ಕಂಪ್ಯೂಟರಿನಲ್ಲಿ ಅವರು ಬರೆದ ಬಳ್ಳಿ ನೋಡಿದರೆ ಬೆಳೆಯುತ್ತಿದೆ ಅನ್ನಿಸುತ್ತಿತ್ತು. ಆದರೆ ಮೈಯಲ್ಲಿ ಸುಖವಿಲ್ಲ. ತಿಂಗಳು ತಿಂಗಳು ಜ್ವರ. ಕೊನೆಗೆ ಒಂದು ದಿನ ಯಂತ್ರದ ಮುಂದೆಯೇ ಬಿದ್ದರು. ಆಸ್ಪತ್ರೆಯವರಿಗೆ ಏನೂ ಸಿಗಲಿಲ್ಲ. ಆಮೇಲೆ ನಮ್ಮ ಹಿರಿಯರು ಎಂಬಾಹ್ ಕರ್ಸೊ ಬಂದು ಹೆಸರು ಕೇಳಿದರು. ಹೇಳಿದೆವು. "ಅಯ್ಯೋ, ಲಾಯದವನ ಮೊಮ್ಮಗ ಇಂಥಾ ಭಾರದ ಹೆಸರು ಹೊತ್ಕೊಂಡು ಇಷ್ಟು ದಿನ ನಡೆದಿದ್ದೇ ಹೆಚ್ಚು. ಇಳಿಸಿ, ಇಳಿಸಿ" ಅಂದರು. ಕೆಂಪು ಗಂಜಿ, ಬಿಳಿ ಗಂಜಿ ಮಾಡಿ ನೆರೆಹೊರೆಗೆ ಬಡಿಸಿ ಹೆಸರು ಬದಲಾಯಿಸಿದೆವು. ವಾಲುಯೊ, ಗುಣವಾದವನು. ಸರ್ಕಾರದ ಗುರುತಿನ ಚೀಟಿಯಲ್ಲೂ ಈಗ ಅದೇ ಇದೆ.

ಜ್ವರ ಬಿಟ್ಟಿತು, ದೇವರು ದೊಡ್ಡವನು. ಆದರೆ ಅವರು ಮತ್ತೆ ಯಂತ್ರದ ಮುಂದೆ ಕೂರಲಿಲ್ಲ. "ಕಸೂತಿ ಕಲಿತೋನು ಅವನು, ನಾನಲ್ಲ" ಅಂದರು. ಈಗ ನಮ್ಮೂರಿನ ಸಂತರ ಗೋರಿಗೆ ಬರುವ ಯಾತ್ರಿಕರ ಚಪ್ಪಲಿ ಕಾಯುತ್ತಾರೆ. ಆ ಹೆಸರಿನ ಒಂದು ವಸ್ತುವೂ ಮನೆಯಲ್ಲಿರಬಾರದೆಂದು ನಾನೇ ಯಂತ್ರ ಮಾರಿದೆ. ಕೀಲಿಯೊಂದು ಉಳಿದಿತ್ತು. ಅದು ಕಣ್ಣಿಗೆ ಬಿದ್ದ ದಿನ ಅವರು ಊಟ ಸರಿಯಾಗಿ ಮಾಡುತ್ತಿರಲಿಲ್ಲ.

ನಾನು ಮಾರುತ್ತಿರುವುದು ಅವರಿಗೆ ಗೊತ್ತಿಲ್ಲ. ಸಹಿ ನನ್ನದು. ಕಾಗದದಲ್ಲಿ ಹೆಸರು ಎಂದಿದ್ದ ಕಡೆ ವಾಲುಯೊ ಎಂದೇ ಬರೆದುಬಿಟ್ಟೆ. ಹಳೆಯದನ್ನು ಬರೆಯಬೇಕೆಂದು ತಲೆಗೇ ಹೊಳೆಯಲಿಲ್ಲ ಉನಿ. ಮನೆಯಲ್ಲಿ ಯಾರೂ ಎತ್ತದ ಹೆಸರು ಅದು. ಫೋನ್ ಬೇಡ ಅಂದದ್ದೂ ಕಿವಿ ಕೇಳಿಸದೆ ಅಲ್ಲ. ಮನೆ ಚಿಕ್ಕದು, ಅವರ ಕಿವಿ ಚುರುಕು.

ಪಾರ್ತಿನಾ


ಬುಕಿಟ್ಟಿಂಗಿ
೧೪ ಜೂನ್ ೨೦೧೭

ಬು,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮೊದಲನೆಯ ಸಲ ಸಿಟ್ಟು ಬಂತು. ಎರಡನೆಯ ಸಲ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಮೂರನೆಯ ಸಲ ಗೋಡೆಯ ಕ್ಯಾಲೆಂಡರ್ ನೋಡಿದೆ, ಮತ್ತೆ ಸಿಟ್ಟು ಬಂತು.

ನೀವು ನಿಜ ಹೇಳಿದ್ದೀರಿ, ನಾನೂ ಹೇಳುತ್ತೇನೆ. ನಮ್ಮ ಕಂಪ್ಯೂಟರ್ ಸುಟ್ಟಿಲ್ಲ. ಆರು ವರ್ಷ ನಾವು ಬಳಸಿದ್ದು ಕದ್ದ ಸಾಫ್ಟ್‌ವೇರ್, ಸಂತೆಯಲ್ಲಿ ಪಕೋಡದ ಬೆಲೆಗೆ ಸಿಕ್ಕ ಡಿಸ್ಕು. ಮಾರ್ಚಿನಲ್ಲಿ ಕಂಪನಿಯವರು ಏನೋ ಮಾಡಿದರು, ಅದು ತೆರೆಯುವುದನ್ನೇ ಬಿಟ್ಟಿತು. ನಿಮ್ಮನ್ನು ಕಳ್ಳಿ ಅಂದವಳು ಇಂಥವಳು.

ಏಜೆಂಟ್ ಹೀಗೆ ಹೇಳುತ್ತಾನೆ: ಇಬ್ಬರೂ ಒಬ್ಬರೇ ಎಂದು ನಿಮ್ಮ ಊರಿನ ಕಚೇರಿಯಿಂದ ಒಂದು ಪತ್ರ ಬೇಕು. ಸಹಿ ಮಾತ್ರ ಹಳೆಯ ಹೆಸರಿನಲ್ಲೇ ಇರಬೇಕು, ಕೊಂಡಾಗ ಹಾಕಿದ ಸಹಿಯ ಹಾಗೇ. ನಾನು ಸಹಿ ಹಾಕಿದ ಹೊಸ ವರ್ಗಾವಣೆಯ ಕಾಗದ ಇದರ ಜೊತೆಗಿದೆ. ಅವರಿಂದ ಆಗದಿದ್ದರೆ ನೀವೇ ಹಾಕಿಬಿಡಿ. ಒಂದು ಸಲ ಹಾಕಿದ್ದೀರಲ್ಲ.

ಹೆಸರು ಅಂದರೆ ಅಷ್ಟೊಂದು ಹೆದರಿಕೆಯೇ? ನಮ್ಮಲ್ಲಿ ಸೋದರಮಾವನ ಬಿರುದು ಸೋದರಳಿಯನ ತಲೆಗೆ ಬರುತ್ತದೆ, ಹೊರುವವನು ಬದಲಾಗುತ್ತಾನೆ ಅಷ್ಟೇ. ಜಯನಿಂಗ್ರತ್ ಅಷ್ಟು ಭಾರವಾಗಿದ್ದರೆ ಅವನನ್ನೂ ಕೀಲಿಯ ಜೊತೆ ಪೊಟ್ಟಣ ಕಟ್ಟಿ ಕಳಿಸಿಬಿಡಿ, ನಾವು ಹೊರುತ್ತೇವೆ! ಸಹಿ ಮಾತ್ರ ಮಾಡಿಸಿ. ಹಬ್ಬಕ್ಕೆ ಕೊರಿಯರ್ ನಾಲ್ಕೈದು ದಿನ ಮುಚ್ಚುತ್ತದೆ. ನನಗೆ ನಿದ್ದೆ ಇಲ್ಲ.

ಯುಸ್ನಿಮಾರ್


ಕುದುಸ್
೨೯ ಜೂನ್ ೨೦೧೭

ದಿಕ್ ಯುಸ್,

ತಂಗಿ ಎಂದು ಕರೆಯುತ್ತಿದ್ದೇನೆ, ಬೇಡವಾದರೆ ಹೇಳಿ. ಇದನ್ನು ಎರಡೇ ದಿನದಲ್ಲಿ ಮುಟ್ಟಿಸುವ ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ.

ಅವರ ಹಳೆಯ ಸಹಿ ನನಗೆ ಬರುತ್ತದೆ. ಒಂದು ಸಂಜೆ ಖಾಲಿ ಹಾಳೆಯ ಮೇಲೆ ಬರೆದೂ ನೋಡಿದೆ, ತದ್ರೂಪ. ಆದರೆ ನಾನು ಹಾಕಿ, ಅವರಿಗೆ ಜ್ವರ ಬಂದರೆ? ಹಾಳೆಯನ್ನು ಒಲೆಗೆ ಹಾಕಿದೆ.

ನಮ್ಮಲ್ಲಿ ಉಪವಾಸ ಮುಗಿದ ಲೆಬರಾನ್ ಹಬ್ಬದ ಬೆಳಿಗ್ಗೆ ಹೆಂಡತಿ ಗಂಡನ ಮೊಣಕಾಲಿಗೆ ಹಣೆ ಮುಟ್ಟಿಸಿ ವರ್ಷದ ತಪ್ಪುಗಳಿಗೆ ಕ್ಷಮೆ ಕೇಳಬೇಕು. ಮೂವತ್ತೈದು ವರ್ಷ ಕೇಳಿದ್ದೇನೆ, ಎಲ್ಲ ಚಿಲ್ಲರೆ ತಪ್ಪು. ಈ ಸಲ ಹಣೆ ಇಟ್ಟವಳಿಗೆ ಏಳಲಾಗಲಿಲ್ಲ. "ಯಾಕೆ, ಸೊಂಟ ಹಿಡ್ಕೊಂಡಿತಾ?" ಅಂದರು. ರವಿಕೆಯೊಳಗಿದ್ದ ನಿಮ್ಮ ಕಾಗದವನ್ನು ತೆಗೆದು ಅವರ ತೊಡೆಯ ಮೇಲಿಟ್ಟೆ.

ಓದಿದರು. ನಾನು ತಲೆ ಎತ್ತಲಿಲ್ಲ. ಹೊರಗೆ ಹಬ್ಬದ ನೆಂಟರು ಬಾಗಿಲು ತಟ್ಟುತ್ತಿದ್ದರು, ಇವರು ಏಳಲಿಲ್ಲ. ಆಮೇಲೆ ಕೇಳಿದರು:

"ಇವ್ರ ಕಡೆ ನಿಜವಾಗ್ಲೂ ಹೆಸರನ್ನ ಇನ್ನೊಬ್ರು ತಗೋತಾರಾ?"

"ತಗೋತಾರಂತೆ."

"ಸಮುದ್ರ ದಾಟಿ ಹೋದ್ಮೇಲೆ ವಾಪಸ್ ಬರಲ್ವಾ?"

"ನಂಗೇನ್ ಗೊತ್ತು?"

"ಕೇಳು. ಯಾರು ಹೊರ್ತಾರೆ ಅಂತ ಕೇಳು. ಎಳೇ ಮಕ್ಕಳ ತಲೆಗೆ ಕಟ್ಬಾರ್ದು, ಬಡಕಲು ಮೈಯೋರಿಗೂ ಬೇಡ. ಹೊರೋರು ಯಾರು ಅಂತ ಗೊತ್ತಾದ್ರೆ ಸಹಿ ಹಾಕ್ತೀನಿ. ಅದೇ ಕೊನೇ ಸಲ."

ಬೈಯಲಿಲ್ಲ ದಿಕ್. ಬೈದಿದ್ದರೆ ಚೆನ್ನಾಗಿತ್ತು. ಬೇಗ ಬರೆಯಿರಿ, ಅವರು ಈಗಲೇ ಉತ್ತರ ಕಾಯುತ್ತಾ ದಿನಕ್ಕೆರಡು ಸಲ ಬು ದರ್ಮಿಯ ಅಂಗಡಿಗೆ ಹೋಗಿ ನಿಲ್ಲುತ್ತಿದ್ದಾರೆ.

ಪಾರ್ತಿನಾ


ಬುಕಿಟ್ಟಿಂಗಿ
೪ ಜುಲೈ ೨೦೧೭

ಬು,

ಮೊದಲು ನಿಮಗೆ ಮಾತ್ರ ಒಂದು ಮಾತು. ಹೆಸರನ್ನು ನಾವು ಹೊರುತ್ತೇವೆ ಎಂದು ನಾನು ಬರೆದದ್ದು ಸಿಟ್ಟಿಗೆ, ಅಣಕಿಸಲಿಕ್ಕೆ. ಹಾಗೆಂದು ಪಾಕ್ ವಾಲುಯೊ ಅವರಿಗೆ ಹೇಳಬೇಡಿ. ಈ ಹಾಳೆಯನ್ನು ಹರಿದುಹಾಕಿ, ಎರಡನೆಯದನ್ನು ಅವರಿಗೆ ಕೊಡಿ.

(ಎರಡನೆಯ ಹಾಳೆ)

ಪಾಕ್ ವಾಲುಯೊ ಅವರಿಗೆ ಸಲಾಂ.

ನಿಮ್ಮ ಮಾತನ್ನು ನನ್ನ ಸೋದರಮಾವನ ಮುಂದಿಟ್ಟೆ. ನಮ್ಮ ಕುಲದ ದಾತುಕ್, ಅಂದರೆ ಹಿರಿಯರು ಅವರು, ಎಪ್ಪತ್ತು ದಾಟಿದವರು. ಮೊದಲು ನಕ್ಕರು. ಆಮೇಲೆ ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು.

"ನಮ್ಮ ಬಿರುದಾಗಿದ್ರೆ ಸೋದರಳಿಯನಿಗೆ ಕೊಡಬಹುದಿತ್ತು. ಇದು ಬೇರೆ ಮನೆಯೋರ ಹೆಸರು. ಮನುಷ್ಯರಿಗೆ ಕಟ್ಟಕ್ಕೆ ಬರಲ್ಲ. ಹೊರೋಕೆ ಗಟ್ಟಿಯಾಗಿರೋದು ಬೇರೆ ಏನಿದೆ ನಿನ್ ಹತ್ರ?"

ನಮ್ಮ ಹುಡುಗಿ ಎರ್ಮಾ ಇದ್ದಾಳಲ್ಲ, ಬಾಯಿ ಮುಚ್ಚಲಾರದವಳು, "ಯಂತ್ರ ಇದೆಯಲ್ಲ ದಾತುಕ್! ನಾನೂರು ಕಿಲೋ. ತರೋವಾಗ ಎಂಟು ಗಂಡಸ್ರ ಉಸಿರು ನಿಂತಿತ್ತು" ಅಂದಳು.

ನಿನ್ನೆ ಹಳದಿ ಅನ್ನ, ಕೋಳಿ ಸಾರು ಮಾಡಿದೆವು. ಹನ್ನೊಂದು ಹೆಂಗಸರು, ಪಕ್ಕದ ಮನೆಯವರು, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಕೂತು ಉಂಡರು. ಮಾವ ಯಂತ್ರದ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದರು: ಇವತ್ತಿಂದ ಇವನು ಜಯನಿಂಗ್ರತ್. ನೀವು ಸಹಿ ಹಾಕಿದ ಗಳಿಗೆಯಿಂದ ಹೆಸರು ಇವನದ್ದು. ಕಬ್ಬಿಣದ ಮೈ, ಸಿಮೆಂಟಿನ ನೆಲ. ಜಗತ್ತನ್ನೇ ಹೊರಿಸಿದರೂ ಹೊರುತ್ತಾನೆ.

ಯುಸ್ನಿಮಾರ್


ಕುದುಸ್
೧೦ ಜುಲೈ ೨೦೧೭

ದಿಕ್ ಯುಸ್,

ಸಹಿಯಾಯಿತು. ಕಾಗದ ಇವತ್ತೇ ಜಕಾರ್ತಕ್ಕೆ ಹೋಯಿತು. ಊರಿನ ಕಚೇರಿಯ ಗುಮಾಸ್ತ "ಇಬ್ಬರೂ ಒಬ್ಬರೇ" ಎಂದು ಬರೆದುಕೊಟ್ಟು, "ಆಫೀಸಲ್ಲಿರೋ ನಾನೂ ಮನೇಲಿರೋ ನಾನೂ ಒಬ್ರೇ ಅಂತ ನನ್ ಹೆಂಡ್ತಿಗೂ ಒಂದು ಬರೆದುಕೊಡ್ಬೇಕಾಗಿದೆ" ಎಂದು ತಮಾಷೆ ಮಾಡಿದ. ನನಗೆ ನಗು ಬರಲಿಲ್ಲ.

ಅವರು ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಕೂತರು. ಕೆಂಪು, ಬಿಳಿ ಗಂಜಿ ಮಾಡಿಟ್ಟಿದ್ದೆ. ಪೆನ್ನು ಹಿಡಿದು ನಿಮ್ಮ ಹಾಳೆಯನ್ನು ಇನ್ನೊಂದು ಸಲ ಓದಿಸಿದರು. "ನಾನೂರು ಕಿಲೋ" ಎಂಬಲ್ಲಿ ತಲೆಯಾಡಿಸಿದರು. ಸಹಿ ಒಂದೇ ಎಳೆತಕ್ಕೆ ಬಂತು, ಆ ಕೊಕ್ಕೆ, ಆ ಬಾಲ ಎಲ್ಲ ಹಾಗೇ. ಪೆನ್ನು ಇಟ್ಟವರೇ ಕೈ ತೊಳೆದುಕೊಂಡರು.

ಇವತ್ತಿಗೆ ಎರಡು ದಿನ. ಜ್ವರ ಇಲ್ಲ. ನಾನು ನೀರು ಕೊಡುವ ನೆಪದಲ್ಲಿ ಹಣೆ ಮುಟ್ಟುತ್ತೇನೆ, ಅವರು "ಇನ್ನೂ ಇದೀನಿ" ಅನ್ನುತ್ತಾರೆ. ನನಗೇ ಮೈ ಬಿಸಿಯಾದ ಹಾಗೆ ಅನ್ನಿಸುತ್ತದೆ.

ಒಂದು ಬೇಡಿಕೆ. ಇನ್ನು ಕಸೂತಿಯ ಮಾತನ್ನು ಈ ಮನೆಗೆ ಬರೆಯಬೇಡಿ. ಹೋದದ್ದು ಹೋಗಲಿ.

ಪಾರ್ತಿನಾ


ಬುಕಿಟ್ಟಿಂಗಿ
೧೭ ಜುಲೈ ೨೦೧೭

ಬು,

ಬರೆಯಬೇಡಿ ಅಂದಿದ್ದಿರಿ. ಬೈಯಿರಿ, ಬರೆಯುತ್ತಿದ್ದೇನೆ.

ಕೀಲಿ ಬಂತು. ಚುಚ್ಚಿದೆ, ತೆರೆಯಿತು, ಮೇಲ್ಗಡೆ ನನ್ನ ಹೆಸರು. ಹನ್ನೊಂದು ಜನ ಚಪ್ಪಾಳೆ ಹೊಡೆದರು. ನಿಮ್ಮ ಡಿಸ್ಕಿನಲ್ಲಿದ್ದ ಬಳ್ಳಿಯನ್ನೇ ಹಜ್ ಗುಂಪಿನವರು ಆರಿಸಿದ್ದರು. ಯಂತ್ರಕ್ಕೆ ಹಾಕಿದೆ. ಹೂವು ಬಂತು, ಕಾಂಡ ಬಂತು, ಎಲೆಯ ತುದಿಗೆ ಬಂದ ಕೂಡಲೇ ಎಂಟೂ ತಲೆಗಳಲ್ಲಿ ದಾರ ಪಟಪಟ ಹರಿಯಿತು. ಎರಡು ದಿನವಾಯಿತು. ಸೂಜಿ ಬದಲಿಸಿದೆ, ದಾರ ಬದಲಿಸಿದೆ, ಯಂತ್ರಕ್ಕೆ ಕೈಮುಗಿದೂ ನೋಡಿದೆ. ಎರ್ಮಾ "ಜಯನಿಂಗ್ರತ್‌ಗೆ ನಮ್ಮೂರು ಒಗ್ತಿಲ್ಲ" ಅನ್ನುತ್ತಾಳೆ. ಎಲೆಯ ತುದಿಗಳನ್ನು ಕೈಯಲ್ಲೇ ಹೊಲಿದು ಮುಗಿಸಿರುವುದು ಐದು ಮುಕೆನ. ಐವತ್ತೈದು ಬಾಕಿ. ಉಳಿದಿರುವುದು ಹದಿನಾಲ್ಕು ದಿನ.

ಈ ಬಳ್ಳಿ ಬರೆದವರನ್ನು ಬಿಟ್ಟು ಇನ್ಯಾರನ್ನು ಕೇಳಲಿ ಬು? ಕೇಳಿ. ಇಲ್ಲ ಅಂದರೆ ಇಲ್ಲ ಅಂತಲಾದರೂ ಬೇಗ ತಿಳಿಸಿ. ನನ್ನ ಫೋನ್ ನಂಬರ್ ಕೆಳಗಿದೆ.

ಯುಸ್ನಿಮಾರ್


ಕುದುಸ್
೨೦ ಜುಲೈ ೨೦೧೭

ಉನಿ ಯುಸ್ನಿಮಾರ್ ಅವರಿಗೆ,

ನಿಮ್ಮ ಕಾಗದವನ್ನು ಪಾರ್ತಿನಾ ಒಂದು ಹಗಲು ಅಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟಿದ್ದಳು. ಅನ್ನ ಮಾಡುವಾಗ ತಾನೇ ತೆಗೆದು ಕೊಟ್ಟಳು.

ಎಲೆಯ ತುದಿಯಲ್ಲಿ ಹೊಲಿಗೆಗಳೆಲ್ಲ ಒಂದರ ಮೇಲೊಂದು ಬಿದ್ದು ಗಂಟಾಗುತ್ತವೆ. ಆ ಬಳ್ಳಿ ದಪ್ಪ ಬಟ್ಟೆಗೆ ಬರೆದದ್ದು, ಮುಕೆನದ ಬಟ್ಟೆ ತೆಳು. ತುದಿಯನ್ನು ಚೂಪಾಗಿ ಬಿಡಬೇಡಿ, ಅಕ್ಕಿಕಾಳಿನ ಮೂತಿಯಷ್ಟು ಮೊಂಡು ಮಾಡಿ. ಅಲ್ಲಿ ಮೂರು ಹೊಲಿಗೆ ಇದ್ದ ಕಡೆ ಎರಡು ಇರಲಿ. ಎಲೆಯನ್ನು ತುದಿಯಿಂದ ಶುರು ಮಾಡಬೇಡಿ, ಕಾಂಡದಿಂದ ಹೊರಟು ತುದಿ ಮುಟ್ಟಿ ಹಿಂತಿರುಗಲಿ. ವೇಗ ಸ್ವಲ್ಪ ಇಳಿಸಿ.

ಫೋನಿನಲ್ಲಿ ಎಲೆ ತೋರಿಸಲು ಬರುವುದಿಲ್ಲ. ಹಿಂದಿನ ಪುಟದಲ್ಲಿ ಬರೆದಿದ್ದೇನೆ. ನನ್ನ ಹತ್ತಿರ ಈಗ ಕಂಪ್ಯೂಟರ್ ಇಲ್ಲ, ಕೀಲಿಯೂ ಇಲ್ಲ. ಚಪ್ಪಲಿ ಕಾಯುವ ಕಟ್ಟೆಯ ಮೇಲೆ ಕೂತು ಇದ್ದಿಲಿನಲ್ಲಿ ಒಂದು ಸಲ ಎಳೆದು ನೋಡಿದೆ, ಬಂತು. ಆಮೇಲೆ ಕಾಗದಕ್ಕೆ ಇಳಿಸಿದೆ. ಯಾತ್ರಿಕರೊಬ್ಬರು ನಿಂತು ನೋಡಿ, "ನೀವು ಕಸೂತಿಯವ್ರಾ?" ಎಂದು ಕೇಳಿದರು. ಅವರ ಚಪ್ಪಲಿ ಕೊಟ್ಟೆ.

ವಾಲುಯೊ


ಬುಕಿಟ್ಟಿಂಗಿ
೩೧ ಜುಲೈ ೨೦೧೭

ಪಾಕ್ ವಾಲುಯೊ, ಬು ಪಾರ್ತಿನಾ,

ಅರವತ್ತೂ ಹೋದವು. ಕೊನೆಯ ಮೂರನ್ನು ಬಸ್ಸಿನ ಕಿಟಕಿಯಿಂದ ಕೊಟ್ಟೆ, ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ. ಒಬ್ಬ ಅಜ್ಜಿ ಎಲೆಯ ಮೇಲೆ ಬೆರಳಾಡಿಸಿ, "ಇದನ್ನ ಯಾರು ಮಾಡಿದ್ದು?" ಅಂದರು. ಬಸ್ಸು ಹೊರಟೇಬಿಟ್ಟಿತು. "ಪಾಕ್ ವಾಲುಯೊ, ಕುದುಸಿನವರು!" ಎಂದು ಹಿಂದೆ ಓಡುತ್ತಾ ಕೂಗಿ ಹೇಳಿದೆ.

ಹನ್ನೊಂದು ಜನ ನೆಲದ ಮೇಲೆ ಉರುಳಿಕೊಂಡು ನಿದ್ದೆ ಹೋಗಿದ್ದಾರೆ. ನನಗೆ ಮಾತ್ರ ಇನ್ನೂ ನೆಮ್ಮದಿಯಿಲ್ಲ. ಮೂರು ದಿನದಿಂದ ಯಂತ್ರ ಕೆಂಡದ ಹಾಗೆ ಬಿಸಿಯಾಗುತ್ತಿದೆ, ಮಧ್ಯಾಹ್ನವಾದರೆ ನರಳಿದ ಹಾಗೆ ಸದ್ದು. ಹೇಳಲೋ ಬೇಡವೋ ಎಂದು ಅಂಜುತ್ತಲೇ ಬರೆದೆ. ಇದು ಆ ಜ್ವರವಂತೂ ಅಲ್ಲವಲ್ಲ?

ಯುಸ್ನಿಮಾರ್


ಕುದುಸ್
೬ ಆಗಸ್ಟ್ ೨೦೧೭

ದಿಕ್ ಯುಸ್,

ಹೆದರಬೇಡಿ. ಮೈ ಬಿಸಿಯಾಗುವುದು ಜಯನಿಂಗ್ರತ್‌ನ ಹಳೆಯ ಚಾಳಿ. ನನ್ನ ಜೊತೆ ಇದ್ದಾಗಲೂ ಹಾಗೇ ಮಾಡುತ್ತಿದ್ದ. ಹಗಲೂ ರಾತ್ರಿ ಕೆಲಸ ತೆಗೆದವನು ನಾನು, ಒಂದು ದಿನ ಸುಮ್ಮನೆ ಕೂರಿಸಲಿಲ್ಲ. ಎರಡು ವರ್ಷ ಚಪ್ಪಲಿ ಕಾಯುತ್ತಾ ಕೂತಾಗ ಇದನ್ನು ಯೋಚಿಸಲಿಕ್ಕೆ ಬಹಳ ಹೊತ್ತಿತ್ತು, ಆದರೆ ಯೋಚಿಸಲಿಲ್ಲ. ನಿಮ್ಮ ಕಾಗದ ಓದಿದ ಮೇಲೆ ಯೋಚಿಸಿದೆ.

ಬೆಳಿಗ್ಗೆ ಎಂಟೂ ತಲೆಗಳಿಗೆ ಎರಡೆರಡು ಹನಿ ಎಣ್ಣೆ ಬಿಡಿ. ಮಧ್ಯಾಹ್ನ ಒಂದು ಗಂಟೆ ನಿಲ್ಲಿಸಿ, ಹೊದಿಕೆ ತೆಗೆದು ಗಾಳಿಯಾಡಲಿ. ಅಷ್ಟು ಸಾಕು. ಅವನು ಕೆಟ್ಟವನಲ್ಲ.

ಮುಂದಿನ ವಾರ ಕೊಹ್ ಲಿಯಾಂಗ್ ನಿಮ್ಮೂರಿಗೆ ಬರುತ್ತಾರೆ. ಎಲ್ಲಾದರೂ ಹಳೆಯ ಯಂತ್ರವೊಂದು, ಹಳೆಯ ಲೈಸೆನ್ಸೊಂದು ಮಾರುವವರಿದ್ದರೆ ಅವರ ಕಿವಿಗೆ ಹಾಕಿ. ಒಂದು ತಲೆಯದಾದರೂ ಸಾಕು. ಹಾಗೆ ಸಿಕ್ಕರೆ ವರ್ಗಾವಣೆಯ ಕಾಗದದಲ್ಲಿ ನನ್ನ ಹೆಸರು ಬೇಡ, ಪಾರ್ತಿನಾ ಎಂದು ಬರೆಸಿ. ಹಗುರವಾದ ಹೆಸರು ಅದು. ಮೂವತ್ತೈದು ವರ್ಷ ದಿನವೂ ಕೂಗಿ ನೋಡಿದ್ದೇನೆ.

ವಾಲುಯೊ